ತರಗತಿಯಲ್ಲಿ ಬುದ್ಧಿಯ ತಕ್ಕಡಿ

“ಮರದ ಮೇಲೆ ಹತ್ತು ಹಕ್ಕಿ ಕುಳಿತಿವೆ. ಬೇಟೆಗಾರ ಗುಂಡು ಹಾರಿಸಿ ಒಂದನ್ನು ಕೊಂದ. ಮರದ ಮೇಲೆ ಉಳಿದವು ಎಷ್ಟು?”

ಈ ಪ್ರಶ್ನೆಯನ್ನು ಎದುರಿಸದೆ ಬೆಳೆದ ಕನ್ನಡದ ಮಗು ಅಪೂರ್ವವೆಂದೇ ಹೇಳಬೇಕು. ಪಾಠ ಮುಗಿದು, ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಮೇಷ್ಟರು ಕೇಳುತ್ತಾರೆ. ರಜೆಗೆ ಬಂದ ಸೋದರಮಾವ ಕೇಳುತ್ತಾನೆ. ಶಾಲೆಯ ತಪಾಸಣೆಗೆ ಬಂದ ಅಧಿಕಾರಿಗಳು ಕೇಳುತ್ತಾರೆ. ‘ಒಂಬತ್ತು’ ಎಂದ ಮಗುವನ್ನು ನೋಡಿ ತರಗತಿ ನಗುತ್ತದೆ. ‘ಒಂದೂ ಇಲ್ಲ, ಎಲ್ಲ ಹಾರಿಹೋದವು’ ಎಂದ ಮಗುವಿನ ಬೆನ್ನು ತಟ್ಟುತ್ತಾರೆ. ಒಂದು ಮಣ ಹತ್ತಿ ಭಾರವೋ ಒಂದು ಮಣ ಕಬ್ಬಿಣ ಭಾರವೋ, ನಿನ್ನ ತಂದೆಯ ತಾಯಿಗೆ ಇರುವ ಒಬ್ಬಳೇ ಸೊಸೆ ನಿನಗೆ ಏನಾಗಬೇಕು, ಇವೆಲ್ಲ ಅದೇ ಜಾತಿಯ ಪ್ರಶ್ನೆಗಳು. ಇಂಥ ಪ್ರಶ್ನೆಗಳಿಂದ ನಮ್ಮ ತರಗತಿಗಳಲ್ಲಿ ದಿನದಿನವೂ ಮಕ್ಕಳ ಬುದ್ಧಿಯನ್ನು ತೂಗಲಾಗುತ್ತಿದೆ. ಇದಕ್ಕೆ ಅಚ್ಚಾದ ಪ್ರಶ್ನಪತ್ರಿಕೆ ಇಲ್ಲ, ಅಂಕಪಟ್ಟಿ ಇಲ್ಲ, ಮೇಲ್ಮನವಿಯೂ ಇಲ್ಲ. ಆದರೂ ಇದರ ತೀರ್ಪಾಗಿ ಬರುವ ‘ಜಾಣ’, ‘ದಡ್ಡ’ ಎಂಬ ಎರಡಕ್ಷರದ ಮಾತುಗಳು ಯಾವ ಅಂಕಪಟ್ಟಿಗಿಂತಲೂ ಹೆಚ್ಚು ಕಾಲ ಬಾಳುತ್ತವೆ. ಈ ಅನೌಪಚಾರಿಕ ಬುದ್ಧಿಪರೀಕ್ಷೆಯ ಸ್ವರೂಪವೇನು, ಅದರ ದೋಷಗಳೇನು, ಅದರಿಂದ ಉಪಾಧ್ಯಾಯರು ಪಡೆಯಬಹುದಾದ ಪ್ರಯೋಜನವೇನಾದರೂ ಉಂಟೇ ಎಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಹಕ್ಕಿಗಳ ಲೆಕ್ಕವನ್ನೇ ನೋಡೋಣ. ಒಂಬತ್ತು ಎಂದ ಮಗು ಹೇಳಿದ್ದು ಸುಳ್ಳೇ? ಅದೇ ದಿನ ಬೆಳಗ್ಗೆ ಗಣಿತದ ಪಾಠದಲ್ಲಿ ಅದೇ ಮೇಷ್ಟರು ‘ಹತ್ತು ಮಾವಿನಹಣ್ಣಿನಲ್ಲಿ ಒಂದನ್ನು ತಿಂದರೆ’ ಎಂದು ಕೇಳಿದಾಗ ಒಂಬತ್ತೇ ಸರಿಯಾದ ಉತ್ತರವಾಗಿತ್ತು. ಗಣಿತದ ಪುಸ್ತಕದಲ್ಲಿ ಹಣ್ಣು ಕೊಳೆಯುವುದಿಲ್ಲ, ಹಕ್ಕಿ ಹಾರುವುದಿಲ್ಲ. ಈ ಒಪ್ಪಂದವನ್ನು ಮಗು ಶಾಲೆಗೆ ಬಂದ ಮೇಲೆಯೇ ಕಲಿತದ್ದು. ಈಗ ಯಾವ ಮುನ್ಸೂಚನೆಯೂ ಇಲ್ಲದೆ ಒಪ್ಪಂದವನ್ನು ಮುರಿದವರು ಪ್ರಶ್ನೆ ಕೇಳಿದವರೇ. ‘ಒಂದೂ ಇಲ್ಲ’ ಎಂದ ಹುಡುಗನಾದರೋ ಅಣ್ಣನ ಬಾಯಿಂದ ಹೋದ ವಾರ ಇದೇ ಪ್ರಶ್ನೆಯನ್ನು ಕೇಳಿರಬಹುದು. ಮೂರನೆಯ ಹುಡುಗನೊಬ್ಬ ಎದ್ದು, ‘ಸತ್ತ ಹಕ್ಕಿ ಕೊಂಬೆಗೆ ಸಿಕ್ಕಿಕೊಂಡಿದ್ದರೆ ಒಂದು ಉಳಿಯುತ್ತದಲ್ಲವೇ ಸಾರ್?’ ಎಂದು ಕೇಳಿದನೆನ್ನಿ. ಅವನಿಗೆ ಸಿಗುವ ಬಿರುದು ಅಧಿಕಪ್ರಸಂಗಿ. ಮೂವರಲ್ಲಿ ನಿಜವಾಗಿ ಯೋಚನೆ ಮಾಡಿದವನು ಅವನೊಬ್ಬನೇ ಇರಬಹುದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಇಂಥ ಪ್ರಶ್ನೆಗಳ ಮೂಲ ನಮ್ಮ ಒಗಟುಗಳಲ್ಲಿದೆ. ಆದರೆ ಜಗುಲಿಯ ಮೇಲಿನ ಒಗಟಿಗೂ ತರಗತಿಯ ಒಗಟಿಗೂ ದೊಡ್ಡ ಅಂತರವಿದೆ. ಹಳ್ಳಿಯಲ್ಲಿ ಒಗಟು ಆಟ. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕಾಡುವ ವಿನೋದ. ಬಿಡಿಸಲಾರದೆ ಸೋತವನು ಉತ್ತರವನ್ನು ಕೇಳಿಕೊಂಡು, ಮರುದಿನ ಅದೇ ಒಗಟನ್ನು ಮತ್ತೊಬ್ಬನಿಗೆ ಒಡ್ಡುತ್ತಾನೆ. ಸೋತವನನ್ನು ದಡ್ಡನೆಂದು ಅಲ್ಲಿ ಯಾರೂ ಪಟ್ಟಿಯಲ್ಲಿ ಬರೆದಿಡುವುದಿಲ್ಲ. ಅದೇ ಒಗಟು ಜಗುಲಿಯನ್ನು ಬಿಟ್ಟು ತರಗತಿಯನ್ನು ಹೊಕ್ಕಾಗ ತಕ್ಕಡಿಯ ಬಟ್ಟಾಗುತ್ತದೆ. ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಭಯ, ನಡುವೆ ನಲವತ್ತು ಜನ ಸಹಪಾಠಿಗಳ ನಗೆ. ಆಟದ ಗುಣವೆಲ್ಲ ಅಲ್ಲಿಗೆ ಮುಗಿಯಿತು.

ಉಪಾಧ್ಯಾಯರು ಮಕ್ಕಳ ಬುದ್ಧಿಯನ್ನು ಹೇಗೆ ಅಳೆಯುತ್ತಾರೆ ಎಂಬುದನ್ನೇ ಒಂದು ಪ್ರಯೋಗಕ್ಕೆ ಗುರಿಪಡಿಸಿದವನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ. ೧೮೫೭ರಲ್ಲಿ ಹುಟ್ಟಿ ೧೯೧೧ರಲ್ಲಿ ತೀರಿಕೊಂಡ ಈತನೇ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಬುದ್ಧಿಪರೀಕ್ಷೆಗಳ ಮೂಲಪುರುಷ. ಫ್ರಾನ್ಸಿನಲ್ಲಿ ೧೮೮೨ರಲ್ಲಿ ಶಿಕ್ಷಣ ಕಡ್ಡಾಯವಾದ ಮೇಲೆ ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದರು. ಅವರಲ್ಲಿ ಕೆಲವರಿಗೆ ಸಾಮಾನ್ಯ ಪಾಠಕ್ರಮ ಒಗ್ಗಲಿಲ್ಲ. ಅಂಥವರನ್ನು ಗುರುತಿಸಿ ವಿಶೇಷ ಶಿಕ್ಷಣ ಕೊಡುವುದು ಹೇಗೆಂಬ ಪ್ರಶ್ನೆಗಾಗಿ ೧೯೦೪ರಲ್ಲಿ ಸರ್ಕಾರ ಒಂದು ಆಯೋಗವನ್ನು ನೇಮಿಸಿತು. ಬಿನೆ ಅದರ ಸದಸ್ಯ. ತುಂಟತನದಿಂದ ಬೇಸರ ತರಿಸಿದ ಮಗುವನ್ನೂ ಮಂದಮತಿಯೆಂದು ಹೊರಗೆ ಕಳಿಸುವ ಪ್ರಲೋಭನೆ ಉಪಾಧ್ಯಾಯರಿಗೆ ಇರಬಹುದೆಂಬ ಅಳುಕು ಅವನಿಗಿತ್ತು. ಆದ್ದರಿಂದ ತನ್ನ ಸಹಾಯಕ ತೆಯೊಡೋರ್ ಸಿಮೋನನೊಡನೆ ಸೇರಿ ೧೯೦೫ರಲ್ಲಿ ಮೂವತ್ತು ಪರೀಕ್ಷೆಗಳ ಒಂದು ಮಾನವನ್ನು ಸಿದ್ಧಪಡಿಸಿದ. ಉರಿಯುವ ಕಡ್ಡಿಯನ್ನು ಮಗುವಿನ ಕಣ್ಣು ಹಿಂಬಾಲಿಸುತ್ತದೆಯೇ ಎಂಬಲ್ಲಿಂದ ತೊಡಗಿ ಅಮೂರ್ತ ಪದಗಳ ಅರ್ಥವ್ಯತ್ಯಾಸವನ್ನು ಹೇಳುವವರೆಗೆ ಅವು ಕ್ರಮವಾಗಿ ಕಠಿಣವಾಗುತ್ತ ಹೋಗುತ್ತವೆ. ೧೯೦೮ರಲ್ಲಿ ಈ ಪರೀಕ್ಷೆಗಳನ್ನು ವಯಸ್ಸಿಗೆ ಅನುಸಾರವಾಗಿ ಜೋಡಿಸಿದ.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ ನಡೆದದ್ದು ೧೯೧೦ರ ಸುಮಾರಿಗೆ. ಬಿನೆ ಮೂವರು ಉಪಾಧ್ಯಾಯಿನಿಯರನ್ನು ತನ್ನ ಪ್ರಯೋಗಶಾಲೆಗೆ ಆಹ್ವಾನಿಸಿ, ಅವರು ಹಿಂದೆಂದೂ ಕಂಡಿರದ ಐದು ಮಕ್ಕಳನ್ನು ಎದುರಿಗೆ ಕೂರಿಸಿದ. ಇವರಲ್ಲಿ ಯಾರ ಬುದ್ಧಿ ಎಷ್ಟೆಂದು ನಿಮಗೆ ತೋಚಿದ ರೀತಿಯಲ್ಲಿ ಪರೀಕ್ಷಿಸಿ ಹೇಳಿ ಎಂದ. ತಾನು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಂಡ. ಒಬ್ಬರು ಹತ್ತಿರದ ಕಾಲುವೆ, ತೂಬುಗಳ ಉಪಯೋಗವೇನೆಂದು ಕೇಳಿದರು. ಇನ್ನೊಬ್ಬರು ತಾವು ತಂದಿದ್ದ ಚಿತ್ರಗಳನ್ನು ತೋರಿಸಿ, ಅಟ್ಟದ ಕೋಣೆಗೂ ಸಾಮಾನ್ಯ ಕೋಣೆಗೂ ವ್ಯತ್ಯಾಸವೇನು ಎಂದರು. ಕಾರ್ಖಾನೆಯ ಗೋಡೆ ದಪ್ಪವಿರಬೇಕೋ ತೆಳುವಿರಬೇಕೋ ಎಂಬುದು ಮತ್ತೊಂದು ಪ್ರಶ್ನೆ. ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡ್ ಆಗಷ್ಟೇ ತೀರಿಕೊಂಡಿದ್ದ. ಮಕ್ಕಳು ಪತ್ರಿಕೆ ಓದುತ್ತಾರೆಯೇ ಎಂದು ತಿಳಿಯಲು ಅದರ ವಿವರಗಳನ್ನೂ ಕೇಳಿದ್ದಾಯಿತು. ಕೊನೆಗೆ ಚರಿತ್ರೆ, ಅಳತೆ ತೂಕಗಳ ಕೋಷ್ಟಕ, ಕಂಠಪಾಠ. ಒಟ್ಟಿನಲ್ಲಿ ಪರೀಕ್ಷೆ ಶಾಲೆಯ ಪಾಠವಾಗಿಯೇ ಮುಗಿಯಿತು.

ಮೂವರ ತೀರ್ಪುಗಳಲ್ಲಿ ಹೊಂದಾಣಿಕೆ ಎಂಬುದು ಇರಲಿಲ್ಲವೆಂದೇ ಹೇಳಬಹುದು. ಯಾವ ಅಳತೆಗೋಲಿನಿಂದ ಅಳೆದಿರಿ ಎಂದು ಕೇಳಿದಾಗ ಒಬ್ಬರು, ಮೊದಲು ಬಂದ ಮಗುವಿನ ಉತ್ತರವನ್ನೇ ಪ್ರಮಾಣವಾಗಿಟ್ಟುಕೊಂಡೆ ಎಂದರು. ಇನ್ನೊಬ್ಬರು, ನನಗೆ ಗೊತ್ತಿರುವ ಜಾಣ ಮಗುವೊಂದಿದೆ, ಅದಕ್ಕೆ ಹೋಲಿಸಿ ನೋಡಿದೆ ಎಂದರು. ಆ ಜಾಣ ಮಗುವಿಗೆ ಈ ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ! ಎಲ್ಲಕ್ಕಿಂತ ವಿಚಾರಾರ್ಹವಾದದ್ದು ಮತ್ತೊಂದು ಸಂಗತಿ. ಇಬ್ಬರು ಮಕ್ಕಳು ಒಂದೇ ಉತ್ತರವನ್ನು ಕೊಟ್ಟಾಗ ಒಬ್ಬರು ಪರೀಕ್ಷಕಿ ಒಂದು ಮಗುವಿಗೆ ಹೆಚ್ಚು ಬೆಲೆ ಕಟ್ಟಿದರು. ಆ ಮಗು ಜಾಣವೆಂದು ಅವರು ಮೊದಲೇ ನಿರ್ಧರಿಸಿಬಿಟ್ಟಿದ್ದರು.

ಬಿನೆ ತೋರಿಸಿಕೊಟ್ಟ ದೋಷಗಳನ್ನು ನಮ್ಮ ತರಗತಿಗಳಿಗೆ ಹೊಂದಿಸಿ ನೋಡಬಹುದು. ಕೆಲವು ಪ್ರಶ್ನೆಗಳು ಹೌದು ಅಥವಾ ಇಲ್ಲ ಎಂಬ ಉತ್ತರವನ್ನಷ್ಟೇ ಬೇಡುತ್ತವೆ. ಕಣ್ಣು ಮುಚ್ಚಿ ಹೇಳಿದರೂ ಅರ್ಧಕ್ಕೆ ಅರ್ಧ ಸರಿಯಾಗುತ್ತದೆ. ಕೆಲವು ಒಂದು ಊರಿಗೆ ಮಾತ್ರ ಸಲ್ಲುತ್ತವೆ: ಮಂಡ್ಯದ ನಾಲೆಯ ಬದಿಯಲ್ಲಿ ಆಡಿ ಬೆಳೆದ ಮಗುವಿಗೆ ತೂಬು ಏನೆಂಬುದು ಅಂಗೈ ನೆಲ್ಲಿ, ಮಡಿಕೇರಿಯ ಮಗುವಿಗೆ ಹಾಗಲ್ಲ. ಕೆಲವು ಕಲಿತದ್ದನ್ನು ಅಳೆಯುತ್ತವೆಯೇ ಹೊರತು ಕಲಿಯುವ ಶಕ್ತಿಯನ್ನಲ್ಲ. ಒಂದೇ ಪ್ರಶ್ನೆಯನ್ನು ಒಬ್ಬನಿಗೆ ನಗುತ್ತಾ, ಇನ್ನೊಬ್ಬನಿಗೆ ಗದರಿಸಿ ಕೇಳುವುದುಂಟು. ಒಬ್ಬನಿಗೆ ಸುಳುಹು ಕೊಟ್ಟು, ಇನ್ನೊಬ್ಬನಿಗೆ ಕೊಡದಿರುವುದುಂಟು. ಆದರೂ ಬಿನೆ ಆ ಮೂವರನ್ನು ಗೇಲಿ ಮಾಡಿ ಕಳಿಸಲಿಲ್ಲ. ಪ್ರಶ್ನೆ ಕೇಳಿ ಬುದ್ಧಿಯನ್ನು ತಿಳಿಯುವ ಮಾರ್ಗ ಒಳ್ಳೆಯದೇ, ಅದನ್ನು ಬಳಸಿದ ಬಗೆ ಒರಟು ಎಂಬುದು ಅವನ ತೀರ್ಮಾನದ ಸಾರ. ಇದಕ್ಕೆ ಅವನು ಸೂಚಿಸಿದ ಪರಿಹಾರ ಸರಳವಾದದ್ದು: ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ, ಒಂದೇ ಪ್ರಮಾಣದ ನೆರವಿನೊಡನೆ, ಒಂದೆರಡು ಪ್ರಶ್ನೆಗೆ ತೀರ್ಮಾನಿಸದೆ ಬೇರೆಬೇರೆ ಬಗೆಯ ಹಲವಾರು ಪ್ರಶ್ನೆಗಳು, ಹೋಲಿಕೆಯಾದರೋ ಅದೇ ವಯಸ್ಸಿನ ಅನೇಕ ಮಕ್ಕಳೊಂದಿಗೆ.

ಇಂಥ ಒರಟು ತೀರ್ಪಿನ ಪೆಟ್ಟು ಬಿನೆಗೆ ಸ್ವತಃ ತಗುಲಿತ್ತು. ಅವನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯೊಂದರಲ್ಲಿ ಗ್ರೀಕ್ ತತ್ತ್ವಜ್ಞಾನಿಯೊಬ್ಬನ ಹೆಸರನ್ನು ತಪ್ಪಾಗಿ ಹೇಳಿದ. ಸಿಟ್ಟಿಗೆದ್ದ ಪರೀಕ್ಷಕ, ನಿನಗೆ ತತ್ತ್ವಚಿಂತನೆಯ ಬುದ್ಧಿ ಎಂದಿಗೂ ಬರಲಾರದು ಎಂದು ಶಾಪವಿತ್ತನಂತೆ. ಮಕ್ಕಳ ಕುರಿತು ೧೯೦೯ರಲ್ಲಿ ಬರೆದ ಪುಸ್ತಕದಲ್ಲಿ ಬಿನೆ ಇದನ್ನು ನೆನೆದು, ‘ಎಂದಿಗೂ’ ಎಂಬ ಆ ಮಾತಿನ ಕ್ರೌರ್ಯವನ್ನು ಖಂಡಿಸಿದ್ದಾನೆ. ಬುದ್ಧಿಯೆಂಬುದು ಹುಟ್ಟಿನಿಂದಲೇ ಗೊತ್ತಾದ, ಹೆಚ್ಚಿಸಲಾಗದ ಮೊತ್ತವೆಂಬ ವಾದವನ್ನು ಅವನು ಒಪ್ಪಲಿಲ್ಲ. ಹಿಂದುಳಿದ ಮಕ್ಕಳ ತರಗತಿಗಳಲ್ಲಿ ಗಮನಶಕ್ತಿಯನ್ನು ಬೆಳೆಸಲು ಶಿಲೆಯಂತೆ ಅಲುಗದೆ ನಿಲ್ಲುವ ಆಟವೇ ಮೊದಲಾದ ಅಭ್ಯಾಸಗಳನ್ನು ಮಾಡಿಸುತ್ತಿದ್ದ. ಕುಂಟುವ ಕಾಲಿಗೆ ವ್ಯಾಯಾಮವಿರುವಂತೆ ಬುದ್ಧಿಗೂ ವ್ಯಾಯಾಮವುಂಟೆಂದು ನಂಬಿದವನು ಅವನು.

ಅಳತೆಗೋಲನ್ನು ಮಾಡಿದವನ ವಿನಯ ಅದನ್ನು ಬಳಸಿದವರಿಗೆ ಬರಲಿಲ್ಲ. ೧೯೧೨ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದ. ೧೯೧೬ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧವನ್ನು ಜನಪ್ರಿಯಗೊಳಿಸಿದ. ನೆರವು ಬೇಕಾದ ಮಗುವನ್ನು ಗುರುತಿಸಲು ಹುಟ್ಟಿದ ಪರೀಕ್ಷೆ ಮಗುವಿನ ಹಣೆಯ ಮೇಲಿನ ಸಂಖ್ಯೆಯಾಯಿತು.

ಈ ವಿದ್ಯೆ ಕನ್ನಡನಾಡಿಗೆ ಬಂದ ಬಗೆಯನ್ನು ರೇಡಿಯೋ ಭಾಷಣದಲ್ಲಿ ನೆನೆಯುವುದು ವಿಶೇಷವಾಗಿ ಉಚಿತ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ೧೯೨೪ರಷ್ಟು ಹಿಂದೆಯೇ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ತರಬೇತಿ ಪಡೆದು ಬಂದವರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸುವ ಕೆಲಸವನ್ನು ಕೈಗೊಂಡವರು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ಇತ್ತ ಧಾರವಾಡದ ಕಡೆ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಳವಡಿಸಿ, ಭಾರತೀಯ ಮಕ್ಕಳ ಬುದ್ಧಿಯ ಅಳತೆಯನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ೧೯೪೦ರಲ್ಲಿ ಪ್ರಕಟಿಸಿದರು. ಆಮೇಲೆ ೧೯೫೫ರಲ್ಲಿ ಸಿ. ಎಂ. ಭಾಟಿಯಾ ಅವರು ಓದುಬರಹ ಬಾರದ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೈಕೆಲಸದ ರೂಪದ ಪರೀಕ್ಷೆಗಳನ್ನು ಪ್ರಕಟಿಸಿದರು.

ಭಾಷೆಯನ್ನು ಪಾಠ ಹೇಳಿ ಬದುಕಿದವನಾದ ನನಗೆ ಇಲ್ಲಿ ತೋರುವ ತೊಡಕೊಂದನ್ನು ಹೇಳಬೇಕು. ಪ್ರಶ್ನೆಯನ್ನು ಅನುವಾದಿಸಿದ ಮಾತ್ರಕ್ಕೆ ಪರೀಕ್ಷೆ ಅನುವಾದವಾಗುವುದಿಲ್ಲ. ಪಾಶ್ಚಾತ್ಯ ಪರೀಕ್ಷೆಗಳಲ್ಲಿ ಒಂದು ಶಬ್ದವನ್ನು ಕೊಟ್ಟು ಅದಕ್ಕೆ ಪ್ರಾಸ ಹೇಳಿಸುವ ಭಾಗವೊಂದು ಉಂಟು. ಅವರ ಪ್ರಾಸ ಶಬ್ದದ ಕೊನೆಯದು. ನಮ್ಮ ಹಳೆಯ ಕಾವ್ಯದ ಪ್ರಾಸ ಎರಡನೆಯ ಅಕ್ಷರದ್ದು. ಮನೆಯಲ್ಲಿ ಅಜ್ಜನ ಬಾಯಿಂದ ಹಳೆಯ ಪದ್ಯಗಳನ್ನು ಕೇಳಿ ಕಿವಿ ಪಳಗಿದ ಮಗು ಆದಿಪ್ರಾಸವನ್ನು ಹೇಳಿದರೆ ಪರೀಕ್ಷಕ ಸೊನ್ನೆ ಹಾಕಬೇಕೆ? ಇನ್ನೊಂದು ಉದಾಹರಣೆ, ಅಂಕಿಗಳನ್ನು ಕೇಳಿ ಹಾಗೆಯೇ ಒಪ್ಪಿಸುವ ಪರೀಕ್ಷೆ. ಇದರಲ್ಲಿ ಭಾಷಾಭೇದಕ್ಕೆ ಎಡೆಯೇ ಇಲ್ಲವೆಂದು ತೋರುತ್ತದೆ. ಆದರೆ ವೇಲ್ಸ್ ಸೀಮೆಯ ಮಕ್ಕಳು ಇದರಲ್ಲಿ ಹಿಂದೆ ಬೀಳುವುದೇಕೆಂದು ಶೋಧಿಸಿದ ಎಲ್ಲಿಸ್ ಮತ್ತು ಹೆನೆಲಿ ಎಂಬ ವಿದ್ವಾಂಸರು, ವೇಲ್ಸ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿನ ಅಂಕಿಗಳಿಗಿಂತ ಹೆಚ್ಚು ಹೊತ್ತು ಬೇಕಾಗುವುದೇ ಕಾರಣವೆಂದು ೧೯೮೦ರಲ್ಲಿ ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಏಳರ ಹೊರತು ಒಂದೇ ಉಸಿರಿನ ಒಂದೊಂದು ಧ್ವನಿ. ನಮ್ಮ ಒಂದು, ಎರಡು, ಮೂರು ಎಂಬವುಗಳಿಗೆ ಕನಿಷ್ಠ ಎರಡಕ್ಷರ, ಒಂಬತ್ತಕ್ಕೆ ಮೂರು. ಇಂಗ್ಲಿಷ್ ಮಕ್ಕಳಿಗೆಂದು ಗೊತ್ತುಮಾಡಿದ ಅಳತೆಯನ್ನು ಕನ್ನಡದ ಮಗುವಿಗೆ ಹಿಡಿಯುವ ಮೊದಲು ಈ ಲೆಕ್ಕವನ್ನೂ ಹಾಕಬೇಡವೇ?

ಭಾಷೆಗಿಂತಲೂ ಆಳದಲ್ಲಿರುವುದು ಬದುಕಿನ ರೀತಿ. ರಷ್ಯದ ಮನಶ್ಶಾಸ್ತ್ರಜ್ಞ ಲೂರಿಯಾ ೧೯೩೧-೩೨ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ರೈತರಿಗೆ ಸುತ್ತಿಗೆ, ಗರಗಸ, ಮರದ ದಿಮ್ಮಿ, ಕೊಡಲಿ ಈ ನಾಲ್ಕರ ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ಸೇರದಿರುವುದು ಯಾವುದು ಎಂದು ಕೇಳಿದ. ಶಾಲೆ ಕಲಿತವರಾದರೆ ದಿಮ್ಮಿ ಎನ್ನುತ್ತಾರೆ. ಉಳಿದ ಮೂರೂ ಹತ್ಯಾರಗಳು. ಓದುಬರಹ ತಿಳಿಯದ ರೈತರು, ನಾಲ್ಕೂ ಸೇರಬೇಕಾದವೇ, ದಿಮ್ಮಿಯಿಲ್ಲದೆ ಗರಗಸಕ್ಕೂ ಕೊಡಲಿಗೂ ಏನು ಕೆಲಸ ಎಂದರು. ದಿಮ್ಮಿ ಸೇರದು ಎಂದು ಒಬ್ಬಾತ ಹೇಳಿದ್ದಾನಲ್ಲ ಎಂದದ್ದಕ್ಕೆ, ಅವನ ಮನೆಯಲ್ಲಿ ಸೌದೆ ಬೇಕಾದಷ್ಟಿರಬೇಕು ಎಂದು ಬಂತು ಉತ್ತರ. ಇದನ್ನು ದಡ್ಡತನವೆನ್ನಲು ನನಗೆ ನಾಲಗೆ ಏಳುವುದಿಲ್ಲ. ಪ್ರಶ್ನೆಯ ಹಿಂದಿರುವ ಶಾಲೆಯ ಒಪ್ಪಂದ ಆತನಿಗೆ ಗೊತ್ತಿಲ್ಲ, ಅಷ್ಟೆ.

ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ನಡೆದ ಅಧ್ಯಯನವೊಂದು ೧೯೮೫ರಲ್ಲಿ ಪ್ರಕಟವಾಯಿತು. ಬೀದಿಯಲ್ಲಿ ಎಳನೀರು, ತೆಂಗಿನಕಾಯಿ, ಹಣ್ಣು ಮಾರುವ ಐದು ಮಕ್ಕಳನ್ನು ಸಂಶೋಧಕರು ಗಿರಾಕಿಗಳಾಗಿ ಮಾತಾಡಿಸಿದರು. ಒಂದು ಕಾಯಿಗೆ ಮೂವತ್ತೈದಾದರೆ ಹತ್ತಕ್ಕೆ ಎಷ್ಟು ಎಂದರೆ, ಹುಡುಗ ಮೂರು ಕಾಯಿಗೆ ನೂರೈದು, ಇನ್ನು ಮೂರಕ್ಕೆ ಇನ್ನೂರಹತ್ತು ಎಂದು ಕೂಡುತ್ತಾ ಮುನ್ನೂರೈವತ್ತನ್ನು ತಲಪುತ್ತಾನೆ. ಬೀದಿಯಲ್ಲಿ ಆ ಮಕ್ಕಳ ಉತ್ತರಗಳು ಶೇಕಡ ೯೮ರಷ್ಟು ಸರಿ. ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದವು ಶೇಕಡ ೩೭ ಮಾತ್ರ. ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ಕುರಿತು ೨೦೨೫ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಇದನ್ನೇ ಹೇಳುತ್ತದೆ. ಜೊತೆಗೆ ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸುತ್ತಾರೆ ಎಂಬುದನ್ನೂ ಕಾಣಿಸುತ್ತದೆ. ಸಂತೆಯಲ್ಲಿ ನಿಂತು ಅಳೆದರೆ ಯಾರು ಜಾಣರು, ತರಗತಿಯಲ್ಲಿ ಕುಳಿತು ಅಳೆದರೆ ಯಾರು ದಡ್ಡರು?

ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿರುತ್ತಿದ್ದ ಹುಡುಗನೊಬ್ಬ ಈ ಸಂದರ್ಭದಲ್ಲಿ ನೆನಪಾಗುತ್ತಾನೆ. ಕುರುಬರ ಮನೆಯವನು. ಅರವತ್ತು ಕುರಿಗಳ ಹಿಂಡಿನಲ್ಲಿ ಒಂದು ತಪ್ಪಿದರೆ ಎಣಿಸದೆಯೇ ಹೇಳಬಲ್ಲವನಾಗಿದ್ದ. ತಪ್ಪಿದ್ದು ಯಾವುದೆಂಬುದನ್ನೂ ಹೇಳುತ್ತಿದ್ದ. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅವನನ್ನು ಎಬ್ಬಿಸಿ, ಕುರಿಗೆ ಎಷ್ಟು ಕಾಲು ಎಂದು ಕೇಳಿದರು. ಅವನು ತಲೆ ತಗ್ಗಿಸಿ ನಿಂತ, ಮಾತಾಡಲಿಲ್ಲ. ಇವನನ್ನು ಯಾಕೆ ಶಾಲೆಗೆ ಕಳಿಸುತ್ತಾರೆ, ಕುರಿ ಕಾಯಲಿ ಎಂದರು ಅವರು. ಆಮೇಲೆ, ಯಾಕೋ ಹೇಳಲಿಲ್ಲ ಎಂದು ನಾನು ಕೇಳಿದೆ. ‘ಅಷ್ಟು ದೊಡ್ಡವರಿಗೆ ಅದು ಗೊತ್ತಿರಲ್ವೇನೋ? ಬೇರೆ ಏನೋ ಕೇಳ್ತಾ ಅವ್ರೆ ಅನ್ಕಂಡೆ’ ಎಂದ. ಎರಡು ವರ್ಷ ಕಳೆದ ಮೇಲೆ ಅವನು ಶಾಲೆ ಬಿಟ್ಟ. ಬಡತನವೂ ಅದಕ್ಕೆ ಕಾರಣವಾಗಿತ್ತು. ಆದರೆ ಅಧಿಕಾರಿಗಳ ಆ ಒಂದು ಮಾತು ಅಷ್ಟು ಹೊತ್ತಿಗೆ ಅವನ ಹೆಸರಿಗೆ ಅಂಟಿಹೋಗಿತ್ತು. ಮನೆಯವರೂ ಅದನ್ನೇ ಆಡುತ್ತಿದ್ದರು.

ಅವನ ಮೌನಕ್ಕೆ ವಿವರಣೆ ನನಗೆ ದೊರೆತದ್ದು ಬಹಳ ವರ್ಷಗಳ ಮೇಲೆ, ಶರ್ಲಿ ಬ್ರೈಸ್ ಹೀತ್ ಎಂಬ ಅಮೆರಿಕದ ವಿದುಷಿ ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಆಕೆ ಕೆರೊಲೈನಾ ಪ್ರಾಂತದ ಶ್ರಮಜೀವಿ ಕರಿಯ ಜನರ ಕೇರಿಯೊಂದರಲ್ಲಿ ಮಕ್ಕಳು ಮಾತು ಕಲಿಯುವ ಬಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿ ದೊಡ್ಡವರು ತಮಗೆ ಗೊತ್ತಿರುವುದನ್ನೇ ಮಕ್ಕಳಿಗೆ ಪ್ರಶ್ನೆಯಾಗಿ ಕೇಳುವ ವಾಡಿಕೆ ಇರಲಿಲ್ಲ. ತಿಳಿಯಬೇಕಾದಾಗ ಮಾತ್ರ ಕೇಳುತ್ತಿದ್ದರು. ಆ ಮಕ್ಕಳು ಶಾಲೆಗೆ ಬಂದಾಗ, ಇದೇನು ಬಣ್ಣ, ಅದೇನು ಪ್ರಾಣಿ ಎಂದು ಉಪಾಧ್ಯಾಯರು ಕೇಳುವುದನ್ನು ಕಂಡು ದಿಗಿಲುಗೊಂಡರು. ಗೊತ್ತಿದ್ದೂ ಕೇಳುವವರ ಮುಂದೆ ಗೊತ್ತಿದ್ದನ್ನು ಹೇಳುವುದು ಓದಿದವರ ಮನೆಗಳಲ್ಲಿ ತೊಟ್ಟಿಲಿನಿಂದಲೇ ಕಲಿಸುವ ಒಂದು ವಿದ್ಯೆ. ಅದನ್ನು ಕಲಿಯದೆ ಬಂದ ಮಗುವನ್ನು ನಾವು ಮಂದವೆನ್ನುತ್ತೇವೆ.

ತೀರ್ಪು ತಪ್ಪಾದರೆ ಏನಾದೀತು, ಮಗು ಬೆಳೆದಂತೆ ತಾನೇ ಸರಿಹೋಗುತ್ತದೆ ಎಂದು ಕೆಲವರು ಹೇಳಬಹುದು. ಇದಕ್ಕೆ ಉತ್ತರವಾಗಿ ೧೯೬೮ರಲ್ಲಿ ರೋಸೆಂಥಾಲ್ ಮತ್ತು ಜೇಕಬ್ಸನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳ ಹೆಸರನ್ನು ಉಪಾಧ್ಯಾಯರಿಗೆ ಕೊಟ್ಟು, ಪರೀಕ್ಷೆಯ ಪ್ರಕಾರ ಈ ವರ್ಷ ಇವರ ಬುದ್ಧಿ ಅರಳಲಿದೆ ಎಂದು ಹೇಳಿದರು. ಹೆಸರುಗಳನ್ನು ಆರಿಸಿದ್ದು ಚೀಟಿ ಎತ್ತಿದಂತೆ. ವರ್ಷದ ಕೊನೆಗೆ ಒಂದು, ಎರಡನೆಯ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಬಂದಿದ್ದರು. ಈ ಪ್ರಯೋಗದ ಅಂಕಿ ಅಂಶಗಳನ್ನು ಅನೇಕರು ಕಟುವಾಗಿ ವಿಮರ್ಶಿಸಿದ್ದಾರೆ. ಮೇಲಿನ ತರಗತಿಗಳಲ್ಲಿ ಅಂಥ ಪರಿಣಾಮ ಕಂಡುಬರಲಿಲ್ಲವೆಂಬುದೂ ನಿಜ. ಆಮೇಲೆ ನಡೆದ ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ರಾಡೆನ್‌ಬುಶ್ ೧೯೮೪ರಲ್ಲಿ ಒಂದು ಮುಖ್ಯವಾದ ಮಾತನ್ನು ಹೇಳಿದ: ಉಪಾಧ್ಯಾಯರು ಮಕ್ಕಳನ್ನು ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಬಲ್ಲವರಾಗಿದ್ದರೆ ಹೊರಗಿನಿಂದ ಬಂದ ಭವಿಷ್ಯವಾಣಿಯ ಪ್ರಭಾವ ಬಹುಮಟ್ಟಿಗೆ ಇಲ್ಲವಾಗುತ್ತದೆ. ನನಗೆ ಇದು ಭರವಸೆಯ ಮಾತಾಗಿ ತೋರುತ್ತದೆ. ಪರಿಚಯ ಬೆಳೆದ ಕಡೆ ಹಣೆಪಟ್ಟಿಯ ಹಿಡಿತ ಸಡಿಲುತ್ತದೆ. ಅಪರಿಚಿತರು ಒಂದು ಗಳಿಗೆಯಲ್ಲಿ ಕೊಟ್ಟ ತೀರ್ಪೇ ಹೆಚ್ಚು ಅಪಾಯಕಾರಿ.

ಅಂಥ ಗಳಿಗೆಯ ತೀರ್ಪಿಗೆ ನಮ್ಮ ಪಟ್ಟಣಗಳಲ್ಲಿ ಈಚಿನ ದ್ವಾರವೆಂದರೆ ಶಾಲಾ ಪ್ರವೇಶದ ಸಂದರ್ಶನ. ಪುಟ್ಟ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ ಬಣ್ಣ, ಆಕಾರ, ಇಂಗ್ಲಿಷ್ ಹೆಸರುಗಳನ್ನು ಕೇಳುವುದು, ಬಾಗಿಲ ಹೊರಗೆ ತಂದೆತಾಯಿಗಳು ಬೆವರುವುದು, ಇವು ತಿಳಿಯದ ಸಂಗತಿಗಳಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಹದಿಮೂರನೆಯ ಕಲಮು ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಸೋಸುವ ಯಾವುದೇ ಕ್ರಮಕ್ಕೆ ಒಳಪಡಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ ಇಪ್ಪತ್ತೈದು ಸಾವಿರ, ಮುಂದಿನ ಪ್ರತಿಯೊಂದು ತಪ್ಪಿಗೆ ಐವತ್ತು ಸಾವಿರ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ಕಾಯಿದೆ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ಆದರೆ ‘ಮಗುವನ್ನು ಸುಮ್ಮನೆ ಮಾತಾಡಿಸಿದೆವು’ ಎಂಬ ನೆಪಕ್ಕೆ ದಂಡ ಹಾಕುವವರು ಯಾರು? ಅನೌಪಚಾರಿಕ ಪರೀಕ್ಷೆ ಕಾನೂನಿನ ಕಣ್ಣಿಗೆ ಬೀಳದಿರುವುದು ಅದು ಅನೌಪಚಾರಿಕವಾಗಿರುವುದರಿಂದಲೇ. ಹೀಗಾಗಿ ಇದರ ತಿದ್ದುಪಡಿ ಮುಖ್ಯವಾಗಿ ಕೇಳುವವರ ವಿವೇಕದಿಂದಲೇ ಆಗಬೇಕು.

ಹಾಗಾದರೆ ಉಪಾಧ್ಯಾಯರು ಮಕ್ಕಳನ್ನು ಪ್ರಶ್ನಿಸಲೇಬಾರದೆ? ಪ್ರಶ್ನೆಯಿಲ್ಲದೆ ಪಾಠವುಂಟೆ! ಮಾಡಬೇಕಾದದ್ದು ಪ್ರಶ್ನೆಯ ಗುರಿಯನ್ನು ಬದಲಾಯಿಸುವುದು. ಇದಕ್ಕೆ ದಾರಿ ತೋರಿದವರು ಇಬ್ಬರು. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ತರುಣನಾಗಿದ್ದಾಗ ಪ್ಯಾರಿಸ್ಸಿನಲ್ಲಿ ಸಿಮೋನನ ಕೈಕೆಳಗೆ, ಬಿನೆ ಕೆಲಸ ಮಾಡಿದ ಶಾಲೆಯಲ್ಲೇ, ತರ್ಕದ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ ಅಂಕ ಹಾಕುವ ಕೆಲಸಕ್ಕೆ ನಿಯುಕ್ತನಾಗಿದ್ದ. ಸರಿಯುತ್ತರಗಳ ಎಣಿಕೆ ಅವನಿಗೆ ಬೇಸರ ತಂದಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪನ್ನು ಮಾಡುವುದೇಕೆ ಎಂಬ ಕುತೂಹಲ ಬೆಳೆಯಿತು. ಅಂಕದ ಹಾಳೆಯನ್ನು ಬದಿಗಿಟ್ಟು, ನೀನು ಹಾಗೆ ಹೇಳಿದ್ದೇಕೆ ಎಂದು ಮಕ್ಕಳನ್ನು ಕೇಳತೊಡಗಿದ. ಮಗುವಿನ ಚಿಂತನಕ್ರಮವನ್ನು ಕುರಿತ ಅವನ ಜೀವಮಾನದ ಸಾಧನೆ ಆ ಒಂದು ‘ಏಕೆ’ಯಿಂದ ಮೊದಲಾಯಿತು. ಕುರಿಯ ಕಾಲನ್ನು ಕೇಳಿದವರು ಈ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರೆ!

ಎರಡನೆಯವನು ರಷ್ಯದ ವೈಗಾಟ್‌ಸ್ಕಿ. ಮೂವತ್ತೇಳರ ಹರೆಯದಲ್ಲೇ, ೧೯೩೪ರಲ್ಲಿ ತೀರಿಕೊಂಡವನು. ಎಂಟು ವರ್ಷದ ಮಾನಸಿಕ ವಯಸ್ಸಿನವರೆಂದು ಪರೀಕ್ಷೆ ತೋರಿಸಿದ ಇಬ್ಬರು ಮಕ್ಕಳನ್ನು ಅವನು ಉದಾಹರಿಸುತ್ತಾನೆ. ಸ್ವಲ್ಪ ನೆರವು, ಒಂದು ಸುಳುಹು ಕೊಟ್ಟು ನೋಡಿದರೆ ಅವರಲ್ಲಿ ಒಂದು ಮಗು ಒಂಬತ್ತು ವರ್ಷದವರ ಲೆಕ್ಕವನ್ನು ಮಾಡುತ್ತದೆ. ಇನ್ನೊಂದು ಹನ್ನೆರಡು ವರ್ಷದವರದನ್ನು ಮಾಡುತ್ತದೆ. ಹಾಗಿದ್ದ ಮೇಲೆ ಇಬ್ಬರ ಬುದ್ಧಿಯೂ ಒಂದೇ ಎನ್ನುವುದು ಹೇಗೆ? ಇಂದು ನೆರವಿನಿಂದ ಮಾಡುವುದನ್ನು ಮಗು ನಾಳೆ ತಾನೇ ಮಾಡುತ್ತದೆ; ಉಪಾಧ್ಯಾಯರು ನೋಡಬೇಕಾದದ್ದು ಆ ನಾಳೆಯನ್ನು. ಈಗ ಬಿನೆಯ ಮೂವರು ಉಪಾಧ್ಯಾಯಿನಿಯರನ್ನು ಮತ್ತೆ ನೆನೆಯೋಣ. ಅವರು ಪರೀಕ್ಷೆಯ ನಡುವೆ ನಿಂತು, ಮಗುವಿಗೆ ತಿಳಿಯದ್ದನ್ನು ವಿವರಿಸತೊಡಗಿದ್ದು ಅಳತೆಯ ದೃಷ್ಟಿಯಿಂದ ದೋಷ. ವೈಗಾಟ್‌ಸ್ಕಿಯ ದೃಷ್ಟಿಯಿಂದ ಅದು ಒಳ್ಳೆಯ ಉಪಾಧ್ಯಾಯರ ಸಹಜ ಪ್ರವೃತ್ತಿ. ಅವರು ಕೆಟ್ಟ ಪರೀಕ್ಷಕರಾದದ್ದು ಒಳ್ಳೆಯ ಗುರುಗಳಾಗಿದ್ದುದರಿಂದ ಎಂದು ನಾನು ಭಾವಿಸುತ್ತೇನೆ.

ಈ ವಿಚಾರದಿಂದ ಕೆಲವು ನಡೆವಳಿಯ ಸೂತ್ರಗಳು ದೊರೆಯುತ್ತವೆ. ಬುದ್ಧಿಯನ್ನು ತಿಳಿಯಲು ಕೇಳುವ ಪ್ರಶ್ನೆಯನ್ನು ತರಗತಿಯ ಎದುರಿನಲ್ಲಿ ಕೇಳಬಾರದು; ನಗೆಯ ಭಯದಲ್ಲಿ ದೊಡ್ಡವರ ಬುದ್ಧಿಯೂ ಓಡುವುದಿಲ್ಲ. ಒಂದು ದಿನದ ಉತ್ತರವನ್ನು ನಂಬಬಾರದು. ಮಗುವಿಗೆ ಜ್ವರವಿರಬಹುದು, ಹಸಿವಿರಬಹುದು, ಕಣ್ಣೋ ಕಿವಿಯೋ ಮಂದವಿರಬಹುದು. ಕರಿಹಲಗೆ ಕಾಣದ ಮಗು ದಡ್ಡವೆನಿಸಿಕೊಂಡು ಹಿಂದಿನ ಬೆಂಚಿಗೆ ಹೋದರೆ ಅದಕ್ಕೆ ಹಲಗೆ ಇನ್ನಷ್ಟು ದೂರವಾಗುತ್ತದೆ. ವಯಸ್ಸನ್ನು ಗಮನಿಸಬೇಕು: ಒಂದೇ ತರಗತಿಯಲ್ಲಿ ಆರು ತುಂಬಿದ ಮಗುವೂ ಏಳಕ್ಕೆ ಬಂದ ಮಗುವೂ ಇರುತ್ತವೆ, ಆ ಪ್ರಾಯದಲ್ಲಿ ಹತ್ತು ಹನ್ನೊಂದು ತಿಂಗಳೆಂದರೆ ಇಡೀ ಬಾಳಿನ ಏಳನೆಯ ಒಂದು ಭಾಗದಷ್ಟು. ಉಪಾಧ್ಯಾಯರು ಈ ಲೆಕ್ಕವನ್ನು ಮರೆತು ತರಗತಿಯವರನ್ನೆಲ್ಲ ಸಮವಯಸ್ಕರಂತೆ ಹೋಲಿಸುತ್ತಾರೆಂದು ಟರ್ಮನ್ನನೇ ೧೯೧೬ರಲ್ಲಿ ಎಚ್ಚರಿಸಿದ್ದ. ಇನ್ನು ತಪ್ಪು ಉತ್ತರ ಬಂದಾಗ ‘ಅದು ಹೇಗೆ ಬಂತು’ ಎಂದು ಕೇಳಬೇಕು. ಆಟದ ಬಯಲಿನಲ್ಲಿ, ತೋಟದಲ್ಲಿ, ಅಂಗಡಿಯ ಮುಂದೆ ಆ ಮಗು ಏನು ಮಾಡುತ್ತದೆಂಬುದನ್ನು ಒಮ್ಮೆಯಾದರೂ ನೋಡಬೇಕು. ಇಷ್ಟಾದ ಮೇಲೂ ಹಿಂದೆ ಬೀಳುವ ಮಗುವಿದ್ದರೆ, ಬಲ್ಲ ತಜ್ಞರಿಗೆ ತೋರಿಸಿ ನೆರವು ಕೊಡಿಸಬೇಕು. ಬಿನೆ ಪರೀಕ್ಷೆಯನ್ನು ರಚಿಸಿದ್ದು ಅದಕ್ಕಾಗಿಯೇ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ಈ ಮಾತಿಗೆ ವಿರುದ್ಧವಾಗಿ ಮುಂದಿಡುವವರುಂಟು. ಗಾದೆ ಒಕ್ಕಲಿಗನದು, ಆದ್ದರಿಂದ ಅದನ್ನು ಒಕ್ಕಲಿಗನಂತೆಯೇ ಓದಬೇಕು. ರಾಗಿ ವಾರದೊಳಗೆ ಮೊಳೆಯುತ್ತದೆ. ತೆಂಗಿನಕಾಯಿ ಮೊಳೆಯಲು ತಿಂಗಳುಗಳು ಬೇಕು. ರಾಗಿಯ ಲೆಕ್ಕದಲ್ಲಿ ಕಾದು, ತೆಂಗು ಮೊಳೆಯಲಿಲ್ಲವೆಂದು ಎಸೆದವನನ್ನು ಯಾರೂ ಒಕ್ಕಲಿಗನೆಂದು ಕರೆಯುವುದಿಲ್ಲ.

ನಮ್ಮ ಸಾಹಿತ್ಯಪರಂಪರೆಯಲ್ಲಿ ಈ ವಿಷಯಕ್ಕೆ ಒಂದು ದೊಡ್ಡ ದೃಷ್ಟಾಂತವಿದೆ. ಪಂಚತಂತ್ರದ ಸಂಸ್ಕೃತ ಪಾಠದ ಕಥಾಮುಖದಲ್ಲಿ ರಾಜನ ಮೂವರು ಮಕ್ಕಳು ಪರಮಮೂರ್ಖರೆಂದು ಆಗಲೇ ತೀರ್ಮಾನವಾಗಿಹೋಗಿದೆ. ಮುಪ್ಪಿನ ವಿಷ್ಣುಶರ್ಮ ಆ ತೀರ್ಮಾನವನ್ನು ಪರೀಕ್ಷಿಸಿ ನೋಡಲು ಹೊರಡುವುದಿಲ್ಲ. ಆರು ತಿಂಗಳು ಕಾಲಾವಕಾಶ ಕೇಳುತ್ತಾನೆ, ಅವರನ್ನು ಕೂರಿಸಿಕೊಂಡು ಕಥೆ ಹೇಳತೊಡಗುತ್ತಾನೆ. ಹನ್ನೊಂದನೆಯ ಶತಮಾನದಲ್ಲಿ ನಮ್ಮ ದುರ್ಗಸಿಂಹ ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಪ್ರಪಂಚದ ಹಲವು ಭಾಷೆಗಳಿಗೆ ಹೋದ ಈ ಕಥಾಕೋಶ ಹುಟ್ಟಿದ್ದು ದಡ್ಡರೆನಿಸಿಕೊಂಡ ಮೂವರು ಹುಡುಗರಿಗಾಗಿ ಎಂಬುದನ್ನು ನಾವು ಮರೆಯಬಾರದು. ಮಗುವಿನ ಬಗೆಗೆ ಬಂದ ತೀರ್ಪನ್ನು ಅಲ್ಲಿಗೆ ಮುಗಿಸದೆ ಪಾಠದ ಆರಂಭವೆಂದು ತಿಳಿದವನು ಆ ಹಳೆಯ ಗುರು. ನಮ್ಮ ಉಪಾಧ್ಯಾಯರೂ ತಂದೆತಾಯಿಗಳೂ ಅವನಿಂದ ಕಲಿಯಬಹುದಾದದ್ದು ಇನ್ನೂ ಇದೆ.